ಅಜ್ಜಿ ನುಂಗದ ಗುಳಿಗೆ

ಮೊನ್ನೆ ನಮ್ಮ ತಾಯಿ, ವೈದ್ಯರು ವಾರಕ್ಕೊಂದರಂತೆ ಬರೆದುಕೊಟ್ಟ ಡಿ ಜೀವಸತ್ತ್ವದ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು, “ಇದರ ಸಿಪ್ಪೆ ಯಾತರದೋ?” ಎಂದು ಕೇಳಿದರು. ನಾನು ಒಂದು ಕ್ಷಣ ತಡವರಿಸಿದೆ. ಇದೇ ಪ್ರಶ್ನೆಗೆ ಹಿಂದೊಮ್ಮೆ ಸುಳ್ಳು ಹೇಳಿ ಪಶ್ಚಾತ್ತಾಪಪಟ್ಟವನು ನಾನು.

ಅದು 1989ರ ಮಾತು. ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿದ್ದ ನಮ್ಮ ಅಜ್ಜಿಗೆ ಕ್ಷಯವೆಂದು ತಿಳಿದಾಗ, ಕಾಲೇಜು ಓದುತ್ತಿದ್ದ ನಾನು ಔಷಧೋಪಚಾರದ ಹೊಣೆ ಹೊತ್ತೆ. ಮಾತ್ರೆಗಳ ಜೊತೆಗೆ ರಿಫಾಂಪಿಸಿನ್ ಎಂಬ ಕೆಂಪು ಕ್ಯಾಪ್ಸೂಲ್. ಬರಿಹೊಟ್ಟೆಯಲ್ಲಿ ದಿನಕ್ಕೊಂದು, ತಿಂಗಳುಗಟ್ಟಲೆ, ತಪ್ಪದೆ. ಅಜ್ಜಿ ಸಿಪ್ಪೆಯ ವಿಷಯ ಕೇಳಿದಳು. ಕಹಿ ಮದ್ದು ನಾಲಗೆಗೆ ತಾಗದಿರಲೆಂದು ಹುಟ್ಟಿದ ಉಪಾಯವದು. 1834ರಲ್ಲಿ ಪ್ಯಾರಿಸ್ಸಿನ ಮೋತ್ ಮತ್ತು ದುಬ್ಲಾಂ ಎಂಬುವರು ಜೆಲಟಿನ್ ಕ್ಯಾಪ್ಸೂಲಿಗೆ ಪೇಟೆಂಟ್ ಪಡೆದರು. ಜೆಲಟಿನ್ ಬರುವುದು ಪ್ರಾಣಿಗಳ ಮೂಳೆ, ಚರ್ಮಗಳಿಂದ. ಜನ್ಮದಲ್ಲಿ ಮಾಂಸ ಮುಟ್ಟದ ಆಕೆಗೆ ಅದನ್ನು ಹೇಳುವುದು ಹೇಗೆ? “ಅಕ್ಕಿಗಂಜಿ ಒಣಗಿಸಿ ಮಾಡ್ತಾರಂತೆ ಅಜ್ಜಿ” ಎಂದುಬಿಟ್ಟೆ.

ನೆರೆಮನೆಯವರಾರೋ ಮೂಳೆಯ ಮಾತನ್ನಾಡಿದರು. ಅದೇ ಹೊತ್ತಿಗೆ ಆಕೆಯ ಮೂತ್ರ ಕೆಂಪಾಯಿತು. ಅಜ್ಜಿ ಎರಡನ್ನೂ ಕೂಡಿಸಿ, ಇದು ಪಾಪದ ಫಲವೆಂದು ಬಗೆದಳು. ನನ್ನೆದುರಿಗೆ ನೀರು ಕುಡಿದು, ಗುಳಿಗೆಯನ್ನು ಸೆರಗಿನ ಮರೆಗೆ ಸೇರಿಸತೊಡಗಿದಳು. ಕೆಮ್ಮು ಇಳಿಯಲಿಲ್ಲ. ಕೊನೆಗೆ ರಾಗಿಯ ಡಬ್ಬಿಯೊಳಗೆ ಬಟ್ಟೆಯ ಗಂಟೊಂದು ನನ್ನ ಕೈಗೆ ಸಿಕ್ಕಿತು. ಬಿಚ್ಚಿ ಎಣಿಸಿದೆ: 19 ಕ್ಯಾಪ್ಸೂಲುಗಳು.

ವೈದ್ಯರ ಮುಖ ಗಂಭೀರವಾಯಿತು. ಹೀಗೆ ಔಷಧ ತಪ್ಪಿಸಿದರೆ ರೋಗಾಣುಗಳು ಮದ್ದಿಗೆ ಮಣಿಯದಂತಾಗಬಹುದು ಎಂದರು. ಕಫವನ್ನು ಮತ್ತೆ ಪರೀಕ್ಷೆಗೆ ಕಳುಹಿಸಿದರು. ಬಳಿಕ ಅಜ್ಜಿಯ ಬಳಿ ಕುಳಿತು, ಆ ಕೆಂಪು ರಕ್ತವಲ್ಲ, ಮದ್ದಿನದೇ ಬಣ್ಣ; ಕಣ್ಣೀರು ಕೂಡ ಕೆಂಪಾಗಬಹುದು ಎಂದು ತಿಳಿಸಿದರು. ಸಿಪ್ಪೆಯ ನಿಜವನ್ನೂ ಮುಚ್ಚಿಡಲಿಲ್ಲ. ಅಜ್ಜಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಮೊದ್ಲೇ ನಿಜ ಹೇಳಿದ್ರೆ ನಾನೇ ಯೋಚ್ನೆ ಮಾಡ್ತಿದ್ನಲ್ಲೋ ಮಗಾ” ಎಂದಳು. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಎಲ್ಲ ಕ್ಯಾಪ್ಸೂಲುಗಳನ್ನೂ ಬಿಡಿಸುವಂತಿಲ್ಲ. ಕೆಲವನ್ನು ಇಡಿಯಾಗಿಯೇ ನುಂಗಬೇಕು. ಇದನ್ನು ಬಿಡಿಸಬಹುದೆಂದು ವೈದ್ಯರು ಒಪ್ಪಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ನಾನು ಸಿಪ್ಪೆ ತೆಗೆದು ಪುಡಿಯನ್ನು ಕೊಡುತ್ತಿದ್ದೆ. ಬೆರಳುಗಳೆಲ್ಲ ಇಟ್ಟಿಗೆಯ ಬಣ್ಣ. ಬರಿಯ ಸಿಪ್ಪೆಗಳನ್ನು ಅಜ್ಜಿ ತೆಂಗಿನ ಚಿಪ್ಪಿನಲ್ಲಿ ಕೂಡಿಹಾಕಿ, ವಾರಕ್ಕೊಮ್ಮೆ ಹೊಲದ ಬದುವಿನಲ್ಲಿ ಹೂಳುತ್ತಿದ್ದಳು. ಯಾವ ಜೀವದ್ದೋ ಏನೋ, ಕಸಕ್ಕೆ ಎಸೆಯಬಾರದೆಂಬುದು ಆಕೆಯ ಮತ. ಗುಣವಾದ ಮೇಲೆ ಹನ್ನೆರಡು ವರ್ಷ ಬಾಳಿದಳು.

ಆ ಹೊಲ ಈಗ ಗುತ್ತಿಗೆಗೆ ಹೋಗಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನದ ಫಲಕಗಳ ಕೆಳಗೆ ನಮ್ಮ ಬದು ಎಲ್ಲಿತ್ತೆಂದು ಗುರುತಿಸುವುದೂ ಕಷ್ಟ.

ಅತ್ತೆಯ ಈ ಕಥೆಯೆಲ್ಲ ನಮ್ಮ ತಾಯಿಗೆ ಗೊತ್ತು. ಆದುದರಿಂದಲೇ ಕೇಳಿದರೋ ಏನೋ. “ಜೆಲಟಿನ್ನಿನದಮ್ಮ, ಮೂಳೆಯಿಂದ ಬರುವುದು. ಈಗ ಸಸ್ಯದ ನಾರಿನಿಂದ ಮಾಡಿದ ಸಿಪ್ಪೆಗಳೂ ಉಂಟು. ನೀನು ಬೇಡವೆಂದರೆ ಬೇರೆ ಬಗೆಯದನ್ನು ಕೊಡಿ ಎಂದು ವೈದ್ಯರನ್ನು ಕೇಳೋಣ” ಎಂದೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಕೇಳು” ಎಂದರು.