ಎರಡು ಮಿಲಿಮೀಟರಿಗೆ ಮೈಸೂರು ಬಸ್ಸು

ಹಂಗಳದ ಊಟಿ ರಸ್ತೆ ಬದಿಗೆ ಶೀಟು ಹೊದಿಸಿದ ವರ್ಕ್‌ಶಾಪು ನಮ್ಮದು. ನಾವು ನಾಲ್ವರು. ನಾಲ್ವರೂ ಕೇರಿಯವರೇ, ನಮ್ಮ ಅಪ್ಪಂದಿರೆಲ್ಲಾ ಕಂಡವರ ಹೊಲದಲ್ಲಿ ಕೂಲಿ ಮಾಡಿದವರೇ. ಐ.ಟಿ.ಐ. ಮುಗಿಸಿ, ನಂಜನಗೂಡಿನ ಫ್ಯಾಕ್ಟರಿಗಳಲ್ಲಿ ಗುತ್ತಿಗೆ ಆಳುಗಳಾಗಿ ದುಡಿದು, ಸಾಲ ಎತ್ತಿ ಒಂದು ಲೇತು, ಒಂದು ಹಳೇ ಸಿ.ಎನ್.ಸಿ. ಮಿಲ್ಲಿಂಗ್ ಮಿಷಿನ್ನು ತಂದೆವು. ಮಿಷಿನ್ನು ನಮ್ಮದಾಯಿತು. ಅದಕ್ಕೆ ಹೇಳಬೇಕಾದ ಮಾತು ಮಾತ್ರ ನಮ್ಮದಾಗಲಿಲ್ಲ.

ಇದನ್ನು ಕೊಂಚ ಬಿಡಿಸಿ ಹೇಳಬೇಕು ಗೆಳೆಯರೆ. ಎಷ್ಟು ದೂರ ಹೋಗು, ಎಷ್ಟು ಆಳ ಕೊರೆ ಅಂತ ಸಾಲು ಸಾಲಾಗಿ ಬರೆದು ಕೊಟ್ಟರೆ ಮಾತ್ರ ಈ ಮಿಷಿನ್ನು ಕೆಲಸ ಮಾಡುತ್ತದೆ. ಆ ಬರಹಕ್ಕೆ ಜಿ-ಕೋಡ್ ಅನ್ನುತ್ತಾರೆ. ಜಿ ಸೊನ್ನೆ ಅಂದರೆ ಕತ್ತರಿಸದೆ ಜೋರಾಗಿ ಓಡು. ಜಿ ಒಂದು ಅಂದರೆ ಕತ್ತರಿಸುತ್ತಾ ನಡೆ. ಸಣ್ಣ ಜಾಬಾದರೆ ಕೈಯಲ್ಲೇ ಬರೆಯಬಹುದು. ಡೊಂಕು ಮೈಯ ಅಚ್ಚಾದರೆ ಸಾವಿರಾರು ಸಾಲು, ಸಾಫ್ಟ್‌ವೇರೇ ಬೇಕು.

ಅದು ಮೈಸೂರಿನ ಒಬ್ಬರ ಹತ್ತಿರ ಇತ್ತು. ಜಾಬಿಗಿಷ್ಟು ಅಂತ ದುಡ್ಡು. ನಾವು ಅವರ ಕುರ್ಚಿ ಹಿಂದೆ ಹೋಗಿ ನಿಂತರೆ ಪರದೆ ಅತ್ತ ತಿರುಗುತ್ತಿತ್ತು. ಮೂಲದ ಫೈಲು ಕೊಡುತ್ತಿರಲಿಲ್ಲ. ಗಿರಾಕಿ 'ಈ ಡೊಂಕು ಎರಡು ಮಿಲಿಮೀಟರು ಹಿಗ್ಗಲಿ' ಅಂದರೆ ಮತ್ತೆ ಬಸ್ಸು ಹತ್ತಬೇಕು, ಮತ್ತೆ ದುಡ್ಡು ತೆರಬೇಕು. ಬಾವಿ ಬಳಿ ದೂರ ನಿಂತು, ಯಾರಾದರೂ ಸೇದಿ ಹುಯ್ಯಲಿ ಅಂತ ಕೊಡ ಹಿಡಿದು ಕಾದದ್ದನ್ನು ನಮ್ಮ ಅವ್ವಂದಿರು ಹೇಳುತ್ತಿದ್ದರು. ನಾವು ಪೆನ್‌ಡ್ರೈವು ಹಿಡಿದು ಕಾಯುತ್ತಿದ್ದೆವು.

ಇದು ಮೈಸೂರಿನ ಒಬ್ಬರ ಬುದ್ಧಿಯಲ್ಲ. ಅಮೆರಿಕದಲ್ಲಿ ಈ ಮಿಷಿನ್ನು ಹುಟ್ಟುವಾಗ, ನುರಿತ ಕೆಲಸಗಾರನ ಕೈಚಲನೆಯನ್ನೇ ಟೇಪಿಗೆ ಹಿಡಿದು ಮತ್ತೆ ಮಾಡಿಸುವ ದಾರಿಯೂ ಇತ್ತು. ಅದನ್ನು ಬಿಟ್ಟು ಕಚೇರಿಯಲ್ಲಿ ಲೆಕ್ಕ ಬರೆಯುವ ದಾರಿ ಹಿಡಿದರು. ಕೆಲಸದ ಅರಿವು ಕೆಲಸಗಾರನ ವಶದಲ್ಲಿ ಉಳಿಯಬಾರದೆಂಬುದೂ ಅದಕ್ಕೆ ಕಾರಣವೆಂದು ಡೇವಿಡ್ ನೋಬಲ್ 1984ರ ತನ್ನ ಪುಸ್ತಕದಲ್ಲಿ ವಾದಿಸಿದ್ದಾನೆ.

ಸ್ವಂತಕ್ಕೆ ತರೋಣವೆಂದರೆ ವರ್ಷ ವರ್ಷ ಬಾಡಿಗೆ, ನಮ್ಮ ಸಾಲದ ಕಂತಿಗಿಂತ ಹೆಚ್ಚು. ಕದ್ದ ಕಾಪಿ ಐನೂರಕ್ಕೆ ಸಿಕ್ಕುತ್ತದೆ ಅಂದ ಒಬ್ಬ. ರಾತ್ರಿಯೆಲ್ಲಾ ಜಗಳ.

"ದೊಡ್ಡ ಕಂಪ್ನಿಯೋರು ನಮ್ಮ ದೋಚೋದಿಲ್ವಾ? ನಾವು ಒಂದ್ಸಲ ದೋಚ್ಕಂಡ್ರ ಏನ್ಲಾ ಆದದು?"

"ಅವ್ರು ಕದ್ರ ಜಾಣ ಅಂತಾರ. ನಾವು ಕದ್ರ ಜಾತಿಬುದ್ಧಿ ಅಂತಾರ ಕನಾ. ಪೊಲೀಸ್ನೋರು ಬಂದ್ರ ಮೊದ್ಲು ಕೇಳದು ಯಾವ ಕೇರಿ ಅಂತ."

ಆ ಮಾತಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಆಮೇಲೆ ಸಿಕ್ಕಿದ್ದು ಫ್ರೀಕ್ಯಾಡ್. 2002ರಲ್ಲಿ ಶುರುವಾದದ್ದು, 2024ರ ನವೆಂಬರಿನಲ್ಲಷ್ಟೇ ತನ್ನನ್ನು 1.0 ಅಂತ ಕರೆದುಕೊಂಡಿತು. ಕಾಸು ಕೊಡಬೇಕಿಲ್ಲ. ಅದಕ್ಕಿಂತ ದೊಡ್ಡದು, ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಬರೀ ಪುಕ್ಕಟೆಯನ್ನು ನಂಬಬಾರದು: ಆಟೋಡೆಸ್ಕ್ ಕಂಪನಿ 2020ರಲ್ಲಿ ಫ್ಯೂಷನ್ 360ರ ಪುಕ್ಕಟೆ ಪರವಾನಗಿಯಿಂದ ಜೋರು ಓಟವನ್ನೂ, ತಾನಾಗಿ ಟೂಲು ಬದಲಿಸುವುದನ್ನೂ ತೆಗೆದುಹಾಕಿತು.

ಇಳಿಸಿಕೊಂಡ ಕೂಡಲೇ ಸುಖ ಬರಲಿಲ್ಲ. ಎಲ್ಲಾ ಇಂಗ್ಲಿಷು. ದುಡ್ಡು ಕೊಟ್ಟು ತರುವ ಸಾಫ್ಟ್‌ವೇರಿನ ನಯವೂ ಇದಕ್ಕಿಲ್ಲ, ಒಪ್ಪಬೇಕು. ಮೂರನೇ ವಾರ ದೊಡ್ಡ ಏಟು ಬಿತ್ತು. ಸಾಫ್ಟ್‌ವೇರಿನಲ್ಲಿ ಉದ್ದದ ಟೂಲಿಗೆ ನಾವು ಕೊಟ್ಟ ನಂಬರಿಗೆ, ಮಿಷಿನ್ನಿನ ಪಟ್ಟಿಯಲ್ಲಿ ಗಿಡ್ಡ ಟೂಲಿನ ಅಳತೆ ಇತ್ತು. ಮಿಷಿನ್ನು ನಂಬಿ ಇಳಿಯಿತು. ಟೂಲು ವೈಸಿಗೆ ಕುಕ್ಕಿ ಚೂರಾಯಿತು. ಸದ್ದಿಗೆ ಪಕ್ಕದ ಟೀ ಅಂಗಡಿಯವರು ಓಡಿ ಬಂದರು. ತಪ್ಪು ನಮ್ಮದೇ.

ಆದರೆ ಮಾರನೇ ದಿನ ನಾವು ಮೈಸೂರಿಗೆ ಹೋಗಲಿಲ್ಲ. ಕೂತು ಸಾಲು ಸಾಲು ಓದಿದೆವು. ಟೂಲಿನ ಉದ್ದ ಹೇಳುವ ಜಿ 43ರ ಸಾಲಿನಲ್ಲಿ ತಪ್ಪು ಕಂಡಿತು. ಸಾಫ್ಟ್‌ವೇರಿನ ಲೆಕ್ಕವನ್ನು ಮಿಷಿನ್ನಿನ ಮಾತಿಗೆ ತಿರುಗಿಸುವ ದುಭಾಷಿಯೊಂದು ಇರುತ್ತದೆ, ಪೋಸ್ಟ್‌ಪ್ರೊಸೆಸರ್ ಅಂತ. ಫ್ರೀಕ್ಯಾಡಿನಲ್ಲಿ ಅದೂ ಪೈಥಾನಿನಲ್ಲಿ ಬರೆದ ತೆರೆದ ಫೈಲೇ. ಪ್ರತಿ ಟೂಲು ಬದಲಾದಾಗಲೂ ಮಿಷಿನ್ನು ನಿಂತು, ನಾವು ಅಳತೆ ನೋಡಿ ಗುಂಡಿ ಒತ್ತುವವರೆಗೂ ಕಾಯುವಂತೆ ಅದರೊಳಗೆ ಎಂ ಸೊನ್ನೆ ಸೇರಿಸಿದೆವು. ಒಂದೇ ಸಾಲು. ಎರಡು ರಾತ್ರಿ ಹಿಡಿಯಿತು.

ಮೊನ್ನೆ ನಂಜನಗೂಡಿನ ಗಿರಾಕಿ ಬಂದು ಡೊಂಕು ಎರಡು ಮಿಲಿಮೀಟರು ಹಿಗ್ಗಿಸಿ ಅಂದರು. ಟೀ ಆರುವುದರೊಳಗೆ ಆಯಿತು. ಅವರು ಪರದೆ ನೋಡಿ, "ಇದು ಪುಕ್ಕಟೆದಲ್ವೇನಪ್ಪಾ? ಹಂಗಾದ್ರೆ ರೇಟು ಇಳಿಸಿ" ಅಂದರು.

ಹಳೇ ರೇಟಿಗೇ ಬಿಲ್ಲು ಬರೆದಿದ್ದೇವೆ. ದುಡ್ಡು ಇನ್ನೂ ಬಂದಿಲ್ಲ.