ಕಬ್ಬಿಣದ ಸೀಮೆಯಲ್ಲಿ ತಾಮ್ರದ ಜಾಡು

ಹೊಸಪೇಟೆಯಿಂದ ಸಂಡೂರಿನ ಬಸ್ಸು ಹತ್ತಿದವರಿಗೆ ಊರು ದಾಟುತ್ತಿದ್ದಂತೆಯೇ ಮಣ್ಣಿನ ಬಣ್ಣ ಬದಲಾಗುವುದು ಕಣ್ಣಿಗೆ ಬೀಳುತ್ತದೆ. ಹಂಪಿ ಕಡೆಯ ಬೂದು ಬಂಡೆಗಳು ಹಿಂದೆ ಸರಿದು, ಜಂಬುನಾಥನ ಗುಡ್ಡದಿಂದಾಚೆ ಎಲ್ಲವೂ ಕೆಂಪಾಗುತ್ತದೆ: ರಸ್ತೆ, ಗಿಡದ ಎಲೆ, ಮನೆಯ ಗೋಡೆ, ಲಾರಿ ಚಾಲಕನ ಹೆಗಲ ಮೇಲಿನ ಟವೆಲ್ಲು ಕೂಡ. ಇದು ಕಬ್ಬಿಣದ ಸೀಮೆ. ದೋಣಿಮಲೆ, ಕುಮಾರಸ್ವಾಮಿ ಬೆಟ್ಟ, ರಾಮಗಡ, ಹೀಗೆ ಇಲ್ಲಿನ ಬೆಟ್ಟಗಳ ಹೆಸರು ಹೇಳಿದರೆ ಸಾಕು, ಕೇಳಿದವರಿಗೆ ಅದಿರಿನ ಲಾರಿಗಳ ಸಾಲು ನೆನಪಾಗುತ್ತದೆ.

ಇಂಥ ಸೀಮೆಯ ಪೂರ್ವದಂಚಿನಲ್ಲಿ, ಬಳ್ಳಾರಿ ನಗರದ ನೈಋತ್ಯಕ್ಕೆ ಚಾಚಿಕೊಂಡ ಒಂದು ಗುಡ್ಡದ ಸಾಲಿಗೆ ಬ್ರಿಟಿಷರ ನಕ್ಷೆಗಳು ಕೊಟ್ಟ ಹೆಸರು ‘ಕಾಪರ್ ಮೌಂಟನ್’, ಅಂದರೆ ತಾಮ್ರದ ಬೆಟ್ಟ. ಭೂವಿಜ್ಞಾನಿಗಳು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಕಬ್ಬಿಣವೇ ತುಂಬಿದ ಗುಡ್ಡಕ್ಕೆ ತಾಮ್ರದ ಹೆಸರು ಬಂದದ್ದು ಹೇಗೆ? ಹಳೆಯ ಗೆಜೆಟಿಯರುಗಳಲ್ಲಿ ಉತ್ತರವಿದೆ. ಅಲ್ಲಿ ಕಾಣುವ ಹಳೆಯ ಅಗೆತದ ಕುಣಿಗಳು ಹೈದರಾಲಿಯ ಕಾಲದ ತಾಮ್ರದ ಗಣಿಗಳೆಂದೂ, ಬಂದ ತಾಮ್ರಕ್ಕಿಂತ ಖರ್ಚೇ ಹೆಚ್ಚಾದದ್ದರಿಂದ ಅವನ್ನು ಕೈಬಿಟ್ಟರೆಂದೂ ಪ್ರತೀತಿ. ಬಳ್ಳಾರಿ ಹೈದರನ ಕೈಸೇರಿದ್ದು 1770ರ ದಶಕದಲ್ಲಿ. ಯುದ್ಧದ ಮೇಲೆ ಯುದ್ಧ ಮಾಡುತ್ತಿದ್ದ ದೊರೆಗೆ ನಾಣ್ಯಕ್ಕೂ ಫಿರಂಗಿಗೂ ತಾಮ್ರ ಬೇಕಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ತಾಮ್ರದ ಈ ಹಸಿವು ಹೈದರನಿಗಿಂತ ಹಳೆಯದು. ಹಂಪಿಯ ಅರಸರು ಚಿನ್ನದ ವರಹದೊಡನೆ ತಾಮ್ರದ ಚಿಲ್ಲರೆ ನಾಣ್ಯಗಳನ್ನೂ ಟಂಕಿಸುತ್ತಿದ್ದರು. ದಾನಶಾಸನಕ್ಕೂ ತಾಮ್ರದ ಹಲಗೆಯೇ ಆಗಬೇಕು. ಅಷ್ಟು ತಾಮ್ರ ಬರುತ್ತಿದ್ದುದೆಲ್ಲಿಂದ? ಸದಾಶಿವರಾಯನ ಕಾಲದಲ್ಲಿ, 1547ರಲ್ಲಿ, ವಿಜಯನಗರಕ್ಕೂ ಪೋರ್ಚುಗೀಸರಿಗೂ ಆದ ಒಪ್ಪಂದವನ್ನು ಓದಿದರೆ ಒಂದು ಎಳೆ ಸಿಗುತ್ತದೆ. ರಾಯರ ಸೀಮೆಯ ಕಬ್ಬಿಣ ಮತ್ತು ಪೆಟ್ಲುಪ್ಪು ಬಿಜಾಪುರಕ್ಕೆ ಹೋಗದೆ ಪೋರ್ಚುಗೀಸರಿಗೆ ಸಲ್ಲಬೇಕು; ಪ್ರತಿಯಾಗಿ ಅವರು ತಾಮ್ರ, ಹವಳ, ಪಾದರಸ, ಚೀನದ ರೇಷ್ಮೆಗಳ ವ್ಯಾಪಾರ ಮಾಡಬೇಕು. ಕಬ್ಬಿಣ ಘಟ್ಟ ಇಳಿದು ಹೋಗುತ್ತಿತ್ತು, ತಾಮ್ರ ಘಟ್ಟ ಹತ್ತಿ ಬರುತ್ತಿತ್ತು. ಇತಿಹಾಸದ ಪಾಠದಲ್ಲಿ ಕುದುರೆ ವ್ಯಾಪಾರಕ್ಕೆ ಸಿಗುವ ಜಾಗ ಇದಕ್ಕೆ ಸಿಗದಿರುವುದು ಸೋಜಿಗ.

ಕಬ್ಬಿಣಕ್ಕಂತೂ ಈ ಕಡೆ ಎಂದೂ ಬರವಿರಲಿಲ್ಲ. ಕಂಪ್ಲಿಯ ಸುತ್ತ ಕಾಲುವೆ ನೀರಿನಲ್ಲಿ ಬೆಳೆದ ಕಬ್ಬಿನ ಹಾಲನ್ನು ಕಾಯಿಸಲು ಬೇಕಾದ ಅಗಲ ಬಾಯಿಯ ಕಬ್ಬಿಣದ ಕೊಪ್ಪರಿಗೆಗಳು ಒಂದು ಕಾಲಕ್ಕೆ ಹತ್ತಿರದ ಕಮಲಾಪುರದಲ್ಲೇ ತಯಾರಾಗುತ್ತಿದ್ದವು. ಸೀಮೆಯ ಕಬ್ಬಿಣ ಅಗ್ಗವಾಗಿ ಬಂದಿಳಿದ ಮೇಲೆ ಆ ಕುಲುಮೆಗಳು ಆರಿದವು.

ಕಲ್ಲು ಓದುವ ವಿದ್ಯೆ

ಈ ಗುಡ್ಡಗಳನ್ನು ಮೊದಲು ಶಾಸ್ತ್ರೀಯವಾಗಿ ಓದಿದವನು ರಾಬರ್ಟ್ ಬ್ರೂಸ್ ಫೂಟ್. ಭಾರತದ ಶಿಲಾಯುಗದ ಆಯುಧವನ್ನು 1863ರಲ್ಲಿ ಪಲ್ಲಾವರದಲ್ಲಿ ಹೆಕ್ಕಿ ತೆಗೆದವನೂ ಇವನೇ. ಬಳ್ಳಾರಿ ಜಿಲ್ಲೆಯ ಭೂರಚನೆಯ ಮೇಲೆ ಆತ ಬರೆದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಸುತ್ತಲೂ ಗ್ರಾನೈಟ್, ನಡುನಡುವೆ ಪಟ್ಟಿಪಟ್ಟಿಯಾಗಿ ಕಡುಬಣ್ಣದ ಪದರುಗಲ್ಲು. ಈ ಪಟ್ಟಿಗಳಿಗೆ ಆತ ‘ಧಾರವಾಡ’ ಶಿಲಾವರ್ಗವೆಂಬ ಹೆಸರಿಟ್ಟ. ಸಂಡೂರು ಮತ್ತು ತಾಮ್ರದ ಬೆಟ್ಟ ಇಂಥದೊಂದು ಪಟ್ಟಿಗೆ ಸೇರಿದವು. ಇಲ್ಲಿನ ಕಲ್ಲುಗಳ ವಯಸ್ಸು ಸುಮಾರು 270 ಕೋಟಿ ವರ್ಷ.

ಹಳೆಯ ಗಣಿಯ ಸುತ್ತ ಹೊಸದಾಗಿ ತಾಮ್ರ ಹುಡುಕುವವರು ಮೊದಲು ನೋಡುವುದು ಬಣ್ಣವನ್ನು. ಹುಣಸೆಹಣ್ಣು ಕಾಣದೆ ಮೂಲೆಗೆ ಬಿದ್ದ ತಾಮ್ರದ ಚೊಂಬಿಗೆ ಹಸಿರು ಕಿಲುಬು ಹಿಡಿಯುತ್ತದಲ್ಲ, ಅದೇ ಕಿಲುಬು ಬಂಡೆಯ ಬಿರುಕಿನಲ್ಲೂ ಕಾಣುತ್ತದೆ. ಅದರ ಹೆಸರು ಮ್ಯಾಲಕೈಟ್. ಒಳಗಿನ ಅಸಲು ಅದಿರು ಹಿತ್ತಾಳೆಯಂತೆ ಹೊಳೆಯುವ ಚಾಲ್ಕೊಪೈರೈಟ್: ತಾಮ್ರ, ಕಬ್ಬಿಣ, ಗಂಧಕಗಳ ಕೂಟ. ಅದು ಮೇಲ್ಮೈಯಲ್ಲಿ ಗಾಳಿ ಮಳೆಗೆ ಸಿಕ್ಕಿ ಕರಗಿ, ಕೆಂಗಂದು ತುಕ್ಕಿನ ಟೊಪ್ಪಿಗೆಯಂಥ ಪದರವನ್ನು ಬಿಟ್ಟುಹೋಗುತ್ತದೆ. ಬೇರೆ ಕಡೆ ಈ ಟೊಪ್ಪಿಗೆಯೇ ದೊಡ್ಡ ಸುಳಿವು. ಊರಿಗೆ ಊರೇ ತುಕ್ಕಿನ ಬಣ್ಣದ್ದಾದರೆ ಅದನ್ನು ಗುರುತಿಸುವುದಾದರೂ ಹೇಗೆ? ಸಂಡೂರಿನ ಕಡೆ ತಾಮ್ರ ಹುಡುಕುವವನ ಪಾಡು ಇದು.

ಆದ್ದರಿಂದ ಕಣ್ಣನ್ನಷ್ಟೇ ನಂಬುವಂತಿಲ್ಲ. ಮಳೆಗಾಲದ ಹಳ್ಳ ಗುಡ್ಡದ ಒಡಲಿನಿಂದ ಹೊತ್ತು ತಂದ ಮರಳನ್ನು ಸೋಸಿ ಪರೀಕ್ಷಿಸುತ್ತಾರೆ. ಚೌಕಳಿ ಗೆರೆ ಹಾಕಿಕೊಂಡು ಇಂತಿಷ್ಟು ಅಂತರಕ್ಕೊಂದರಂತೆ ಹಿಡಿ ಮಣ್ಣು ತೆಗೆದು, ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ತಾಮ್ರವಿದೆ ಎಂದು ಅಳೆಯುತ್ತಾರೆ. ಇನ್ನೊಂದು ಚಮತ್ಕಾರವುಂಟು. ನೆಲದಡಿಯ ಗಂಧಕದ ಅದಿರು ತೇವ ತಾಗಿ ಟಾರ್ಚಿನ ಸೆಲ್ಲಿನಂತೆ ತಾನೇ ವಿದ್ಯುತ್ತು ಹುಟ್ಟಿಸುತ್ತದೆ. ನೆಲದಲ್ಲಿ ಎರಡು ಕಡ್ಡಿ ಹೂಳಿ ಮೀಟರಿನಲ್ಲಿ ಅದನ್ನು ಓದಬಹುದು. ಇಷ್ಟೆಲ್ಲ ಒಂದೇ ಜಾಗವನ್ನು ತೋರಿಸಿದರೆ ಮಾತ್ರ ದುಬಾರಿಯಾದ ಕೊರೆಯುವ ಕೆಲಸ. ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟ ಕಲ್ಲಿನ ಕೋಲುಗಳೇ ಕೊನೆಯ ಸಾಕ್ಷಿ. ಅಲ್ಲೂ ಬಹುಪಾಲು ಕೊಳವೆಗಳು ಬರಿ ಕಲ್ಲನ್ನೇ ಕೊಡುತ್ತವೆ. ಶೇಕಡಾ 1ರಷ್ಟು ತಾಮ್ರವಿರುವ ಅದಿರು ಸಿಕ್ಕಿತೆಂದರೆ ಒಂದು ಟನ್ ಕಲ್ಲಿನಲ್ಲಿ 10 ಕೆ.ಜಿ. ಲೋಹ, ಉಳಿದ 990 ಕೆ.ಜಿ. ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ಇಂಗಳದಾಳದ ಸಾಕ್ಷಿ

ತಾಮ್ರ ಸಿಕ್ಕಿದರೆ ಏನಾಗುತ್ತದೆ ಎಂದು ನೋಡಬೇಕಾದವರು ಹೊಸಪೇಟೆಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೆ ಹೋಗಬೇಕು. ಕೋಟೆಯ ಊರಿಗೆ ಸಮೀಪದ ಇಂಗಳದಾಳದಲ್ಲಿ ಪ್ರಾಚೀನರು ತೋಡಿದ ಕುಣಿಗಳ ಜಾಡು ಹಿಡಿದೇ ಕಳೆದ ಶತಮಾನದಲ್ಲಿ ಆಧುನಿಕ ಗಣಿ ಹುಟ್ಟಿತು. ಸರಕಾರಿ ಒಡೆತನದ ತಾಮ್ರದ ಕಂಪನಿ ಅದನ್ನು ನಡೆಸಿತು. ಮುಂದೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಘಟಕವಾಯಿತು, ಆಮೇಲೆ ಮುಚ್ಚಿತು. ಹೈದರನ ಕುಣಿಗಳ ಲೆಕ್ಕಾಚಾರವೇ ಇಲ್ಲೂ ಎದುರಾಯಿತೆನ್ನಬಹುದು: ಕಲ್ಲಿನಲ್ಲಿ ತಾಮ್ರ ಇದ್ದರೆ ಸಾಲದು, ಅದನ್ನು ತೆಗೆಯುವ ಖರ್ಚು ಗಿಟ್ಟಬೇಕು.

ದೇಶದ ತಾಮ್ರವೆಲ್ಲ ಮುಖ್ಯವಾಗಿ ರಾಜಸ್ಥಾನದ ಖೇತ್ರಿ, ಮಧ್ಯಪ್ರದೇಶದ ಮಲಾಂಜಖಂಡ, ಜಾರ್ಖಂಡದ ಸಿಂಗಭೂಮ್‌ಗಳಿಂದ ಬರಬೇಕು. ಅದು ಸಾಲದೆ ಅದಿರಿನ ಬಹುಪಾಲು ಇಂದಿಗೂ ಹಡಗಿನಲ್ಲೇ ಬರುತ್ತದೆ. ಕೇಂದ್ರ ಸರಕಾರ 2023ರಲ್ಲಿ ಹೊರಡಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ತಾಮ್ರವೂ ಸೇರಿದೆ. ವಿದ್ಯುತ್ ವಾಹನಕ್ಕೆ, ಗಾಳಿಯಂತ್ರಕ್ಕೆ, ಸೋಲಾರ್ ಫಲಕಗಳ ಸಂಪರ್ಕಕ್ಕೆ ಎಲ್ಲಕ್ಕೂ ತಾಮ್ರದ ತಂತಿ ಬೇಕು. ಕೈಬಿಟ್ಟ ಹಳೆಯ ಗಣಿಗಳತ್ತ ಮತ್ತೆ ಕಣ್ಣು ಹಾಯಲು ಇದೇ ಕಾರಣ.

ಹಾಗೆಂದು ಸಂಡೂರಿನವರಿಗೆ ‘ನಿಮ್ಮ ಗುಡ್ಡದಲ್ಲಿ ಇನ್ನೊಂದು ಲೋಹವಿದೆ’ ಎಂದರೆ ಅವರು ಹಿಗ್ಗುತ್ತಾರೆಂದು ತಿಳಿಯಬಾರದು. ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದ ದಿನಗಳನ್ನೂ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ದಿನಗಳನ್ನೂ ಅವರು ಕಂಡಿದ್ದಾರೆ. ಗಂಧಕವಿರುವ ತಾಮ್ರದ ಅದಿರಿನ ತ್ಯಾಜ್ಯ ಗಾಳಿ, ನೀರು ತಾಗಿದರೆ ಆಮ್ಲವಾಗಿ ಹರಿಯಬಲ್ಲದು. ಕೆಳಗೆ ಹೊಲವಿದೆ, ಹಳ್ಳವಿದೆ, ತುಂಗಭದ್ರೆ ಇದೆ. ಹುಡುಕುವ ಮೊದಲೇ ಈ ಲೆಕ್ಕವನ್ನೂ ಹಾಕಬೇಕೆಂದು ಕೇಳುವ ಹಕ್ಕು ಅವರಿಗಿದೆ.

ಮಗ ಅಥವಾ ಮಗಳು ಭೂವಿಜ್ಞಾನ ಓದುತ್ತೇನೆಂದರೆ ‘ಕಲ್ಲು ಓದಿ ಏನು ಮಾಡುತ್ತೀ’ ಎಂದು ಕೇಳುವ ತಂದೆತಾಯಂದಿರು ಒಮ್ಮೆ ಈ ದಾರಿಯಲ್ಲಿ ಬಂದುಹೋಗಬಹುದು. ಸಂಡೂರಿಗೆ ಸೇರಿದ ನಂದಿಹಳ್ಳಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದು, ಖನಿಜ ಸಂಸ್ಕರಣೆಯನ್ನು ಕಲಿಸುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಸೇರುವವರಿಗೆ ಕೇಂದ್ರ ಲೋಕಸೇವಾ ಆಯೋಗ ಪ್ರತ್ಯೇಕ ಪರೀಕ್ಷೆಯನ್ನೇ ನಡೆಸುತ್ತದೆ. ಅಂಥ ಕೆಲಸಕ್ಕೆ ಬೇಕಾದ ಮೊದಲ ಗುಣ ನಡೆಯುವ ತಾಳ್ಮೆ.

ಗುಡ್ಡ ನೋಡಲು ಬರುವ ವಿದ್ಯಾರ್ಥಿಗಳು ಹಂಪಿಯ ಸಂರಕ್ಷಿತ ಬಂಡೆಗಳಿಗೆ ಸುತ್ತಿಗೆ ತಾಗಿಸುವಂತಿಲ್ಲ. ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಹಳೆಯ ಕುಣಿಗಳ ಬಾಯಿಗೆ ಮುಳ್ಳುಕಂಟಿ ಬೆಳೆದು ಆಳ ಕಾಣದಿರುವುದರಿಂದ ಅಂಚಿಗೆ ಹೋಗದಿರುವುದು ಕ್ಷೇಮ. ಸಂಡೂರಿನ ಚೆಲುವು ನೋಡುವವರಿಗೆ ಮಳೆ ಬಿದ್ದ ಮೇಲಿನ ಸೆಪ್ಟೆಂಬರ್ ಒಳ್ಳೆಯದು. ಬಂಡೆಯ ಬಿರುಕಿನ ಕಿಲುಬು ಹುಡುಕುವವರು ಮಾತ್ರ ಬಿಸಿಲು ತಡೆದುಕೊಂಡು ಫೆಬ್ರವರಿ, ಮಾರ್ಚಿನಲ್ಲಿ ಬರಬೇಕು. ಆಗ ಹುಲ್ಲು ಒಣಗಿ ಕಲ್ಲು ಕಾಣುತ್ತದೆ.