ಒಂದು ಪದಕ್ಕೆ ಒಂದು ಚೀಟಿ

ಹೈದರಾಬಾದಿನ ಮಿಯಾಪುರವು 2017ರ ನವೆಂಬರಿನಿಂದ ಮೆಟ್ರೊ ಮಾರ್ಗದ ಒಂದು ತುದಿ. ಅಲ್ಲಿನ ಬಾಡಿಗೆ ಮನೆಯೊಂದರಲ್ಲಿ ಬೀದರ ಸೀಮೆಯ ಕನ್ನಡ ಸಂಶೋಧಕರೊಬ್ಬರು, ತಾಯಿಯ ಬಾಯಿಂದ ಕೇಳಿ ಬರೆದುಕೊಂಡಿದ್ದ ಒಕ್ಕಲುತನದ ಪದಗಳನ್ನು ಗಣಕಕ್ಕೆ ಏರಿಸಿದ್ದರು. ಕೂರಿಗೆ, ಕುಂಟೆ, ರಂಟೆಗಳಿಂದ ತೊಡಗಿ, ನೆಲದಡಿ ಜೋಳ ಕಾಪಿಡುವ ಹಗೇವಿನವರೆಗೆ ನೂರಾರು ಪದಗಳು. ಏರಿಸಿದ ಮೇಲೆ ನೋಟುಪುಸ್ತಕ ಮಳೆನೀರಿಗೆ ಹಾಳಾಯಿತು. ತಾಯಿಯೂ ತೀರಿಹೋಗಿದ್ದರು.

ಪದಗಳೆಲ್ಲ ದತ್ತಸಂಚಯದ ಕೋಷ್ಟಕದಲ್ಲಿದ್ದವು. ಅವನ್ನು ಹೊರತೆಗೆದು, ಪೈಥಾನ್ ಭಾಷೆಯ ಪಟ್ಟಿಯೊಂದಕ್ಕೆ ಸೇರಿಸಿ, ಅಚ್ಚಿಗೆ ಅಣಿಗೊಳಿಸಬೇಕಾಗಿತ್ತು. ಮೊದಲ ಸಲ ಪಟ್ಟಿ ತೆರೆದಾಗ ಸಾಲುಗಳ ಎಣಿಕೆ ಸರಿಯಾಗಿತ್ತು. ಆದರೆ ಪ್ರತಿಯೊಂದು ಸಾಲಿನಲ್ಲಿಯೂ ಇದ್ದುದು ‘ಹಗೇವು’ ಒಂದೇ. ತಾಯಿಯ ಉಳಿದ ಮಾತೆಲ್ಲ ಅಳಿದುಹೋಯಿತೆಂದು ಅವರ ಎದೆ ನಡುಗಿತು.

ಪದ, ಅರ್ಥ, ಊರು ಮುಂತಾದ ವಿವರಗಳನ್ನು ಹೆಸರುಸಹಿತ ಒಂದೆಡೆ ಇರಿಸುವ ರಚನೆಗೆ ಪೈಥಾನ್‌ನಲ್ಲಿ ಡಿಕ್ಷನರಿ ಎಂದೇ ಹೆಸರು. ಸಾಲುಗಳನ್ನು ಒಂದೊಂದಾಗಿ ಓದುವ ಆವರ್ತನಕ್ಕೆ ಮೊದಲೇ ಅವರು ಅಂಥದೊಂದನ್ನು ರಚಿಸಿ, ಪ್ರತಿ ಸಾಲು ಬಂದಂತೆಲ್ಲ ಅದರಲ್ಲಿಯೇ ಹೊಸ ವಿವರ ತುಂಬಿ, ‘ಅಪೆಂಡ್’ ಮೂಲಕ ಪಟ್ಟಿಗೆ ಸೇರಿಸಿದ್ದರು. ಅಪೆಂಡ್ ನಕಲು ಮಾಡಿಕೊಳ್ಳುವುದಿಲ್ಲ. ಇರುವ ವಸ್ತುವಿನತ್ತ ಬೆರಳು ತೋರುತ್ತದೆ, ಅಷ್ಟೆ. ಬೆರಳುಗಳು ನೂರಾರಿದ್ದರೂ ಅವು ತೋರುತ್ತಿದ್ದ ವಸ್ತು ಒಂದೇ. ಅದರಲ್ಲಿ ಉಳಿದದ್ದು ಕೊನೆಗೆ ಬರೆದ ಪದ.

ಆಗ ಅವರಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ನೆನಪಾಯಿತು. 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಹೊರಬಂದ ಆ ಕಾರ್ಯದ ಬುನಾದಿ ಪದಪ್ರಯೋಗಗಳ ಚೀಟಿಗಳು. ಒಂದೇ ಚೀಟಿಯನ್ನು ಅಳಿಸಿ ಅಳಿಸಿ ಬರೆದಿದ್ದರೆ ನಿಘಂಟೆಲ್ಲಿಯದು? ಅವರು ಡಿಕ್ಷನರಿಯನ್ನು ರಚಿಸುವ ಸಾಲನ್ನು ಆವರ್ತನದ ಒಳಕ್ಕೆ ಸರಿಸಿದರು. ಪ್ರತಿ ಪದಕ್ಕೂ ಹೊಸ ಚೀಟಿ ದೊರೆಯಿತು. ಕೋಷ್ಟಕದಲ್ಲಿ ಯಾವುದೂ ಅಳಿದಿರಲಿಲ್ಲ. ಕೂರಿಗೆ, ಕುಂಟೆ, ರಂಟೆ ತಮ್ಮ ತಮ್ಮ ಸ್ಥಾನಕ್ಕೆ ಮರಳಿದವು.

ಆದರೆ ಪಟ್ಟಿ ಸರಿಯಾದೊಡನೆ ಮತ್ತೊಂದು ಕೊರತೆ ಕಣ್ಣಿಗೆ ಬಿತ್ತು. ಕೆಲವು ಪದಗಳ ಮುಂದೆ ಅರ್ಥದ ಮನೆ ಬರಿದಾಗಿತ್ತು. ಅದು ಕ್ರಮವಿಧಿಯ ದೋಷವಲ್ಲ. ತಾಯಿ ಆಡಿದ್ದ ಮಾತನ್ನು ಮಗ ಬರೆದುಕೊಂಡಿದ್ದರು. ಅರ್ಥವನ್ನು ನಾಳೆ ಕೇಳೋಣವೆಂದು ಬಿಟ್ಟಿದ್ದರು.

ಮಿಯಾಪುರವನ್ನು ಹಾದುಹೋಗುವ ಮುಂಬಯಿ ಹೆದ್ದಾರಿಯಲ್ಲಿ ಜಹೀರಾಬಾದಿನವರೆಗೆ ಸಾಗಿ ಬೀದರಿನತ್ತ ತಿರುಗಬೇಕು. ಊರಿನಲ್ಲಿ ತಾಯಿಯ ಓರಗೆಯವರು ಇನ್ನೂ ಒಬ್ಬಿಬ್ಬರಿದ್ದಾರೆ. ಬರಿದಾಗಿದ್ದ ಆ ಪದಗಳನ್ನಷ್ಟೇ ಒಂದೊಂದು ಚೀಟಿಗೆ ಬರೆದುಕೊಂಡು, ಮುಂದಿನ ರವಿವಾರ ನಸುಕಿನಲ್ಲಿಯೇ ಅವರು ಬಸ್ಸು ಹತ್ತಿದರು.